ಆರಂಗುಲದ ಕೊಳವೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದು ಕಳುಹಿಸಬೇಕೆಂದು ಸಮಿತಿಯವರಿಂದ ಪತ್ರ ಬಂದಾಗ ನನಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ಕಾಸರಗೋಡಿನ ಈ ಮೂಲೆಯ ನಮ್ಮ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು ಹೊರಬಂದವರಲ್ಲಿ ವೈದ್ಯರಿದ್ದಾರೆ, ವಕೀಲರಿದ್ದಾರೆ, ಕಾಲೇಜು ಪ್ರಾಧ್ಯಾಪಕರಿದ್ದಾರೆ, ಯಕ್ಷಗಾನದ ಮೇಳಗಳಲ್ಲಿ ಹೆಸರು ಮಾಡಿದವರಿದ್ದಾರೆ. ನಾನಾದರೋ ವಯನಾಡು ಜಿಲ್ಲೆಯ ಸುಲ್ತಾನ್ ಬತ್ತೇರಿಯಲ್ಲಿ ಜೀಪು ಕಾರುಗಳಿಗೆ ಸೈಲೆನ್ಸರಿನ ಕೊಳವೆ ಕಟ್ಟಿಕೊಡುವ ಕಸುಬಿನವನು. ಗುರುಗಳ ಗುಣಗಾನವನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಸಂಚಿಕೆಯಲ್ಲಿಯೇ ಇರುತ್ತಾರೆ. ಆದುದರಿಂದ ನನ್ನ ಕೈಗೆ ಬಂದ ವಿದ್ಯೆಯ ಕುರಿತೇ ನಾಲ್ಕು ಮಾತುಗಳನ್ನು ಬರೆಯುತ್ತೇನೆ. ಅದರಲ್ಲಿಯೂ ಆ ಕೊಳವೆಯ ನಡುವೆ ಬರುವ ಆರಂಗುಲ ಉದ್ದದ ಬಾಗುವ ತುಂಡು, ನಮ್ಮವರು ‘ಫ್ಲೆಕ್ಸಿಬಲ್’ ಎಂದು ಕರೆಯುವ ವಸ್ತು, ಅದರ ಕುರಿತು. ವಾಹನದ ಅಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ಇರುವಂಥದು ಅದು. ಆದರೆ ಇರಬೇಕಾದ ಜಾಗದಲ್ಲಿ ಇರಬೇಕಾದಂತೆ ಇಲ್ಲದಿದ್ದರೆ ಒಳಗೆ ಕುಳಿತವರ ಉಸಿರಿಗೇ ಮುಟ್ಟುತ್ತದೆ.

ಎಂಟನೆಯ ತರಗತಿಯಲ್ಲಿ ನಮ್ಮ ವಿಜ್ಞಾನದ ಮಾಸ್ತರರು ಹಿತ್ತಾಳೆಯ ಗುಂಡು ಮತ್ತು ಬಳೆಯ ಪ್ರಯೋಗವನ್ನು ತೋರಿಸಿದ್ದು ಆ ಕಾಲದ ಸಹಪಾಠಿಗಳಿಗೆ ನೆನಪಿರಬಹುದು. ತಣ್ಣಗಿರುವಾಗ ಬಳೆಯೊಳಗಿಂದ ಸಲೀಸಾಗಿ ನುಸುಳಿದ ಗುಂಡು, ಸ್ಪಿರಿಟ್ ದೀಪದ ಮೇಲೆ ಕಾಯಿಸಿದ ಬಳಿಕ ಬಳೆಯ ಮೇಲೆಯೇ ಕುಳಿತುಬಿಡುತ್ತಿತ್ತು. ನನ್ನ ಕಸುಬಿನ ಅರ್ಧ ಪಾಠ ಅಲ್ಲಿಯೇ ಮುಗಿದಿತ್ತು. ಒಂದು ಮೀಟರ್ ಉದ್ದದ ಸಾಧಾರಣ ಉಕ್ಕಿನ ಕೊಳವೆ 100 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಸುಮಾರು 1.2 ಮಿಲಿಮೀಟರ್ ಬೆಳೆಯುತ್ತದೆ. ಸ್ಟೇನ್‌ಲೆಸ್ ಉಕ್ಕಾದರೆ ಸುಮಾರು 1.7. ಎಂಜಿನಿನಿಂದ ಹಿಂಬದಿಯವರೆಗಿನ ಮೂರು ಮೀಟರ್ ಕೊಳವೆ ಸರಾಸರಿ 250 ಡಿಗ್ರಿ ಕಾಯಿತೆಂದು ಲೆಕ್ಕ ಹಿಡಿದರೆ ಸಾಧಾರಣ ಉಕ್ಕು ಒಂಬತ್ತು ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಎರಡೂ ತುದಿಗಳನ್ನು ಬಿಗಿದಿಟ್ಟರೆ ಆ ಒಂಬತ್ತು ಮಿಲಿಮೀಟರು ಎಲ್ಲಿಗೆ ಹೋಗಬೇಕು? ಬೆಸುಗೆಯನ್ನು ಸೀಳಿಕೊಂಡೇ ಹೋಗಬೇಕು.

ಇನ್ನರ್ಧ ಪಾಠ ಅಲುಗಾಟದ್ದು. ಎಂಜಿನನ್ನು ಚಾಸಿಸಿನ ಮೇಲೆ ನೇರವಾಗಿ ಕೂರಿಸುವುದಿಲ್ಲ, ರಬ್ಬರಿನ ಮೌಂಟುಗಳ ಮೇಲೆ ಕೂರಿಸುತ್ತಾರೆ. ನಾಲ್ಕು ಸಿಲಿಂಡರಿನ ಎಂಜಿನು ನಿಂತಲ್ಲಿಯೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆಯೆಂದರೆ ಅದರೊಳಗೆ ನಿಮಿಷಕ್ಕೆ 1600 ಸಲ ಸಿಡಿತ ನಡೆಯುತ್ತದೆ. ಪ್ರತಿ ಸಿಡಿತಕ್ಕೂ ಎಂಜಿನು ಒಂದಿಷ್ಟು ನಡುಗುತ್ತದೆ. ಕ್ಲಚ್ ಬಿಟ್ಟಾಗ, ಏರಿನಲ್ಲಿ ಗೇರು ಬದಲಿಸಿದಾಗ ಒಂದು ಬದಿಗೆ ಎದ್ದು ವಾಲುತ್ತದೆ. ಹೊಗೆಯ ಕೊಳವೆಯ ಮುಂದಿನ ತುದಿ ಈ ನಡುಗುವ ಎಂಜಿನಿಗೆ ಕಟ್ಟಿದೆ, ಉಳಿದ ಭಾಗವೆಲ್ಲ ಅಲುಗಾಡದ ಚಾಸಿಸಿಗೆ ತೂಗುಬಿದ್ದಿದೆ. ಕೈಯಲ್ಲಿ ತಂತಿಯೊಂದನ್ನು ಹಿಡಿದು ಅತ್ತಿತ್ತ ಬಾಗಿಸುತ್ತಾ ಹೋದರೆ ಅದು ಎಲ್ಲಿ ತುಂಡಾಗುತ್ತದೆಂದು ಮಕ್ಕಳಿಗೂ ಗೊತ್ತು. ಕೊಳವೆಯೂ ಹಾಗೆಯೇ ಮ್ಯಾನಿಫೋಲ್ಡಿನ ಫ್ಲಾಂಜಿನ ಬೆಸುಗೆಯ ಅಂಚಿನಲ್ಲಿ ಬಿರುಕು ಬಿಡುತ್ತದೆ. ಅಲುಗಾಡುವುದಕ್ಕೂ ಅಲುಗಾಡದುದಕ್ಕೂ ನಡುವೆ ಆರಂಗುಲದ ಸಡಿಲವನ್ನು ಒದಗಿಸುವುದೇ ಫ್ಲೆಕ್ಸಿಬಲಿನ ಕೆಲಸ. ಬೇರೆ ಯಾವ ಕೆಲಸವೂ ಅದರದಲ್ಲ.

ನಾನು ಐ.ಟಿ.ಐ.ಯಲ್ಲಿ ವೆಲ್ಡರ್ ತರಬೇತಿ ಮುಗಿಸಿ, ಸೋದರಮಾವನ ಪರಿಚಯದ ಮೇಲೆ ವಯನಾಡಿಗೆ ಹೋದದ್ದು 1990ರಲ್ಲಿ. 1980ರ ನವೆಂಬರ್ 1ರಂದು ಪ್ರತ್ಯೇಕ ಜಿಲ್ಲೆಯಾದ ಆ ನಾಡಿನಲ್ಲಿ ರೈಲು ಇರಲಿಲ್ಲ, ಈಗಲೂ ಇಲ್ಲ. ಕೋಳಿಕ್ಕೋಡಿನಿಂದ ಹೊರಟು ಅಡಿವಾರದಲ್ಲಿ ಬೆಟ್ಟದ ಬುಡ ಸೇರಿ, ಒಂಬತ್ತು ಹೇರ್‌ಪಿನ್ ತಿರುವುಗಳ ತಾಮರಶ್ಶೇರಿ ಚುರವನ್ನು ಹತ್ತಿ ಲಕ್ಕಿಡಿಯಲ್ಲಿ ಮೇಲೇಳಬೇಕು. ಅಲ್ಲಿಂದ ಕಲ್ಪೆಟ್ಟ, ಬತ್ತೇರಿ, ಮುತ್ತಂಗ ದಾಟಿದರೆ ಬಂಡೀಪುರದ ಕಾಡಿನ ಮೂಲಕ ಗುಂಡ್ಲುಪೇಟೆ. ಬತ್ತೇರಿಯನ್ನು ಹಿಂದೆ ಜೈನರು ‘ಹನ್ನೆರಡು ಬೀದಿ’ ಎಂದು ಕರೆಯುತ್ತಿದ್ದರೆಂದು ಹೇಳುತ್ತಾರೆ. ಕರ್ನಾಟಕದಿಂದ ಬಂದು ಅಲ್ಲಿ ನೆಲೆಸಿದ ಜೈನರನ್ನು ಊರವರು ಇಂದಿಗೂ ಗೌಡರೆಂದೇ ಕರೆಯುವುದುಂಟು. ಕಾಟುನಾಯ್ಕರ ಮಾತಿನಲ್ಲಿ ನಮ್ಮ ನುಡಿಯ ಶಬ್ದಗಳು ಕಿವಿಗೆ ಬೀಳುತ್ತವೆ. ತರಕಾರಿ ತುಂಬಿಕೊಂಡು ಘಟ್ಟ ಇಳಿಯುವ ಗುಂಡ್ಲುಪೇಟೆಯ ಲಾರಿಯವರಂತೂ ಬಾಯಿತುಂಬ ‘ಅಣ್ಣಾ’ ಎನ್ನುವವರು. ಮಲೆಯಾಳ ಸರಿಯಾಗಿ ಬಾರದ ದಿನಗಳಲ್ಲಿ ನನ್ನ ಪಾಲಿಗೆ ಅವರೇ ಬಂಧುಗಳಾಗಿದ್ದರು.

ಆ ಕಾಲದಲ್ಲಿ ಬಸ್ಸು ಹೋಗದ ಎಸ್ಟೇಟುಗಳಿಗೆಲ್ಲ ಜೀಪೇ ಬಸ್ಸು. ಕಾಫಿ ಚೀಲ, ಕರಿಮೆಣಸಿನ ಮೂಟೆ, ಹೆರಿಗೆಯ ಹೆಂಗಸು, ಶಾಲೆಯ ಮಕ್ಕಳು, ಎಲ್ಲರಿಗೂ ಅದೊಂದೇ. ಹರಿಕೇನ್ ಪೆಟ್ರೋಲ್ ಎಂಜಿನಿನ ಹಳೆಯ ಜೀಪುಗಳಿಗೆ ಇಂಧನ ಹಾಕಿ ಪೂರೈಸದವರು ಎಂಜಿನನ್ನೇ ತೆಗೆಸಿ ಡೀಸೆಲಿನದನ್ನು ಕೂರಿಸುತ್ತಿದ್ದರು, 2112 ಸಿ.ಸಿ.ಯ ಪ್ಯೂಜೋ ಎಂಜಿನಿಗೆ ಬೇಡಿಕೆಯಿತ್ತು. ಎಂಜಿನು ಬದಲಾದೊಡನೆ ಹಳೆಯ ಹೊಗೆಕೊಳವೆ ಕೂಡಿಕೊಳ್ಳುವುದಿಲ್ಲ. ಬಾಯಿ ಒಂದು ಕಡೆ, ಗೇರುಪೆಟ್ಟಿಗೆ ಇನ್ನೊಂದು ಕಡೆ. ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಯಾವ ಕೊಳವೆಯೂ ಅದಕ್ಕೆ ಹೊಂದದು. ಒಂದೊಂದು ಗಾಡಿಗೂ ಅಳತೆ ತೆಗೆದು, ಕೊಯ್ದು, ಬಾಗಿಸಿ, ಬೆಸೆದು ಕಟ್ಟಬೇಕು. ನಾನು ಸೇರಿದ ಗ್ಯಾರೇಜಿನ ಹಿರಿಯ ಮೇಸ್ತ್ರಿಯನ್ನು ಎಲ್ಲರೂ ‘ಆಶಾನ್’ ಎಂದು ಕರೆಯುತ್ತಿದ್ದರು, ಗುರು ಎಂದು ಅರ್ಥ. ಅವರು ಕೊಳವೆಯೊಳಗೆ ಒಣಮರಳನ್ನು ಗಿಡಿದು, ಎರಡೂ ಬಾಯಿಗಳನ್ನು ಮುಚ್ಚಿ, ಕೆಂಪಗೆ ಕಾಯಿಸಿ ಬಾಗಿಸುತ್ತಿದ್ದರು. ಮರಳು ತುಂಬದೆ ಬಾಗಿಸಿದರೆ ತಿರುವಿನಲ್ಲಿ ಕೊಳವೆ ಚಪ್ಪಟೆಯಾಗುತ್ತದೆ. ಒಂದು ಬಾಗು ಸರಿಯಾಗಿ ಬರಲು ಅರ್ಧ ದಿನ ಹಿಡಿಯುತ್ತಿತ್ತು.

ಆ ಅರ್ಧ ದಿನವನ್ನು ಉಳಿಸುವ ಆಸೆಯಿಂದಲೇ ಫ್ಲೆಕ್ಸಿಬಲಿನ ದುರುಪಯೋಗ ಆರಂಭವಾಯಿತು. ‘ಬಾಗುವ ಕೊಳವೆಯೇ ಸಿಗುವಾಗ ಬಾಗಿಸುವ ಕಷ್ಟವೇಕೆ?’ ಎಂಬ ತರ್ಕ ಮೇಲುನೋಟಕ್ಕೆ ಸರಿಯೆಂದೇ ತೋರುತ್ತದೆ. ಅದು ಏಕೆ ಸರಿಯಲ್ಲವೆಂದು ತಿಳಿಯಲು ಈ ವಸ್ತುವಿನ ಒಳಗನ್ನು ನೋಡಬೇಕು.

ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಸುರುಳಿ ಸುತ್ತಿದ್ದು. ಸ್ನಾನದ ಮನೆಯ ಕೈಷವರಿನ ಹೊಳೆಯುವ ಕೊಳವೆಯನ್ನು ಗಮನಿಸಿದ್ದೀರಲ್ಲ, ಲೋಹದ ಪಟ್ಟಿಯೊಂದನ್ನು ಒಂದರ ಅಂಚು ಇನ್ನೊಂದರೊಳಗೆ ಸಿಕ್ಕಿಕೊಳ್ಳುವಂತೆ ಸುರುಳಿಯಾಗಿ ಸುತ್ತಿರುತ್ತಾರೆ. ಇದೂ ಹಾಗೆಯೇ, ಗಾತ್ರ ಮಾತ್ರ ದೊಡ್ಡದು. ಲಾರಿಗಳಲ್ಲಿ ಬಳಕೆಯಲ್ಲಿರುವುದು ಹೆಚ್ಚಾಗಿ ಇದು. ಗಟ್ಟಿಯಾದ ಸಾಮಾನೇ, ಆದರೆ ಗಾಳಿ ಬಿಗಿಯಲ್ಲ. ಸಿಕ್ಕಿಕೊಂಡ ಅಂಚುಗಳ ನಡುವೆ ಒಂದಿಷ್ಟು ಹೊಗೆ ಸದಾ ಸೋರುತ್ತದೆ. ಹೆಚ್ಚು ಬಾಗಿಸಿದರೆ ಹೊರಬದಿಯ ಅಂಚುಗಳು ಬಾಯಿ ತೆರೆದು ಸೋರಿಕೆ ಇಮ್ಮಡಿಸುತ್ತದೆ. ಎರಡನೆಯದು ತಿದಿಯ ಜಾತಿ. ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆ ಮಡಿಕೆಯಾದ ತೆಳ್ಳನೆಯ ಸ್ಟೇನ್‌ಲೆಸ್ ಕೊಳವೆ, ಅದರ ಮೇಲೆ ತಂತಿಯ ಜಾಲರಿ, ಒಳಗೆ ಹೊಗೆಯ ಬಿಸಿ ನೇರವಾಗಿ ತಾಗದಂತೆ ಇನ್ನೊಂದು ಒಳಪದರ, ಎರಡೂ ತುದಿಗಳಲ್ಲಿ ಗಟ್ಟಿಯಾದ ಕಾಲರು. ಮಡಿಕೆಯ ತಗಡು ಮಿಲಿಮೀಟರಿನ ಸಣ್ಣದೊಂದು ಭಾಗದಷ್ಟು ಮಾತ್ರ ದಪ್ಪ. ಇದು ಗಾಳಿ ಬಿಗಿಯಾದದ್ದು. ಕಾರುಗಳಿಗೆ ಒಪ್ಪುವುದು ಇದೇ.

ತಿದಿ ಒಂದಿಷ್ಟು ಹಿಗ್ಗಬಲ್ಲದು, ಕುಗ್ಗಬಲ್ಲದು, ಪಕ್ಕಕ್ಕೆ ಬಾಗಬಲ್ಲದು. ತಿರುಚುವಿಕೆಯನ್ನು ಮಾತ್ರ ತಾಳಲಾರದು. ಒದ್ದೆ ಬಟ್ಟೆ ಹಿಂಡಿದಂತೆ ಹಿಂಡಿದರೆ ಮಡಿಕೆಗಳ ಬುಡ ಸೀಳುತ್ತದೆ. ಇಷ್ಟು ತಿಳಿದರೆ ಜೋಡಿಸುವ ಕ್ರಮವೆಲ್ಲ ತಾನಾಗಿ ಹೊಳೆಯುತ್ತದೆ. ಫ್ಲೆಕ್ಸಿಬಲನ್ನು ಎಂಜಿನಿಗೆ ಸಾಧ್ಯವಾದಷ್ಟು ಹತ್ತಿರದಲ್ಲಿ, ನೇರವಾದ ಭಾಗದಲ್ಲಿ, ಅದರ ಸಹಜವಾದ ಉದ್ದದಲ್ಲಿಯೇ ಕೂರಿಸಬೇಕು. ಅಳತೆ ತಪ್ಪಿದ ಕೊಳವೆಯನ್ನು ಕೂಡಿಸಲು ಅದನ್ನು ಎಳೆಯಬಾರದು, ಒತ್ತಬಾರದು, ಓರೆಯಾಗಿ ಸೇರಿಸಬಾರದು. ಅದು ಹೊರೆ ಹೊರುವ ವಸ್ತುವೂ ಅಲ್ಲ. ಅದರ ಹಿಂದೆಯೇ ಚಾಸಿಸಿನಿಂದ ಒಂದು ರಬ್ಬರಿನ ಹ್ಯಾಂಗರನ್ನು ಇಳಿಬಿಟ್ಟು ಉಳಿದ ಕೊಳವೆಯ ಭಾರವನ್ನು ಅದಕ್ಕೆ ವಹಿಸಬೇಕು. ನನ್ನ ಅನುಭವದಲ್ಲಿ ಬೇಗನೆ ಹರಿದುಹೋದ ಫ್ಲೆಕ್ಸಿಬಲುಗಳಲ್ಲಿ ಹೆಚ್ಚಿನವು ಈ ಹ್ಯಾಂಗರಿಲ್ಲದೆ ಸತ್ತವು. ಒಳಪದರದ ಅಂಚು ಹೊಗೆ ಹರಿಯುವ ದಿಕ್ಕಿಗೇ ಇರಬೇಕು. ಕೆಲವದರ ಮೇಲೆ ಬಾಣದ ಗುರುತು ಇರುತ್ತದೆ, ಅದನ್ನು ನೋಡದೆ ಕೂರಿಸುವವರೂ ಇದ್ದಾರೆ.

ನಾನು ಅನುಸರಿಸುವ ವಿಧಾನ ಹೀಗೆ. ಮೊದಲು ಫ್ಲೆಕ್ಸಿಬಲಿನ ಎರಡು ಕಾಲರುಗಳಿಗೂ ಅಡ್ಡಲಾಗಿ ಎರಡು ಕಬ್ಬಿಣದ ಪಟ್ಟಿಗಳನ್ನು ಚುಕ್ಕಿ ಬೆಸುಗೆಯಲ್ಲಿ ಹಿಡಿಸುತ್ತೇನೆ. ಈಗ ಅದು ಬಾಗದು, ತಿರುಚದು, ಗಟ್ಟಿ ಕೊಳವೆಯಂತೆಯೇ ಇರುತ್ತದೆ. ಆ ಸ್ಥಿತಿಯಲ್ಲಿ ಇಡೀ ಸಾಲನ್ನು ಗಾಡಿಯಡಿಯಲ್ಲಿಯೇ ಕೂಡಿಸಿ, ಚುಕ್ಕಿ ಇಟ್ಟು, ಕೆಳಗಿಳಿಸಿ, ಮೇಜಿನ ಮೇಲೆ ಪೂರ್ಣ ಬೆಸುಗೆ ಹಾಕಿ, ಮರಳಿ ಏರಿಸಿ, ಹ್ಯಾಂಗರುಗಳನ್ನೆಲ್ಲ ಕಟ್ಟಿದ ಮೇಲೆ ಕೊನೆಗೆ ಆ ಎರಡು ಪಟ್ಟಿಗಳನ್ನು ಕೊಯ್ದು ತೆಗೆಯುತ್ತೇನೆ. ಪಟ್ಟಿ ಬಿಡಿಸಿದಾಗ ಕೊಳವೆ ಅತ್ತಿತ್ತ ಜಿಗಿಯದೆ ಇದ್ದಲ್ಲಿಯೇ ಇದ್ದರೆ ಅಳತೆ ಸರಿಯಾಗಿದೆಯೆಂದು ಅರ್ಥ. ಈ ಒಂದು ಕ್ಷಣಕ್ಕಾಗಿ ನಾನು ಇಂದಿಗೂ ಉಸಿರು ಬಿಗಿಹಿಡಿಯುತ್ತೇನೆಂದರೆ ಅತಿಶಯೋಕ್ತಿಯಲ್ಲ. ಬೆಸುಗೆ ಕಾಲರಿಗೆ ಮಾತ್ರ. ಜಾಲರಿಗೆ ಕಿಡಿ ತಾಗಿದರೂ ತಂತಿಗಳು ಸುಟ್ಟು ಒಂದೊಂದಾಗಿ ಬಿಡುತ್ತವೆ, ಆದುದರಿಂದ ಮೇಲೆ ಒದ್ದೆ ಗೋಣಿ ಸುತ್ತುತ್ತೇನೆ. ಸ್ಟೇನ್‌ಲೆಸ್ಸನ್ನು ಸಾಧಾರಣ ಉಕ್ಕಿಗೆ ಕೂಡಿಸುವಾಗ 309 ಎಲ್ ಎಂಬ ಜಾತಿಯ ಕಡ್ಡಿಯೇ ಬೇಕು, ಇಲ್ಲವಾದರೆ ಬೆಸುಗೆ ಸೆಟೆದು ಬಿರಿಯುತ್ತದೆ. ಸತುವಿನ ಲೇಪವಿರುವ ಅಗ್ಗದ ಕೊಳವೆಗಳಾದರೆ ಲೇಪವನ್ನು ಮೊದಲು ಉಜ್ಜಿ ತೆಗೆಯಬೇಕು. ಸತುವಿನ ಹೊಗೆ ಕುಡಿದವನಿಗೆ ಸಂಜೆಗೆ ಚಳಿಜ್ವರ ನಿಶ್ಚಯ. ಹಾಲು ಕುಡಿದರೆ ಅದು ಇಳಿಯುತ್ತದೆಂಬ ನಂಬಿಕೆ ವೆಲ್ಡರುಗಳಲ್ಲೆಲ್ಲ ಇದೆ. ಹಾಲಿನಿಂದ ಹಸಿವು ಇಳಿಯುತ್ತದೆಯೇ ಹೊರತು ಜ್ವರವಲ್ಲ.

ಇನ್ನು, ಇಷ್ಟೆಲ್ಲ ಹಟ ಏಕೆಂದು ಕೇಳುವವರಿಗೆ ನಾನು ಹೇಳುವುದು 1996ರ ಮಳೆಗಾಲದ ಒಂದು ಜೀಪಿನ ಕಥೆಯನ್ನು.

ಅದು ಪೆಟ್ರೋಲ್ ಎಂಜಿನನ್ನೇ ಉಳಿಸಿಕೊಂಡಿದ್ದ ಹಳೆಯ ಜೀಪು, ಒಬ್ಬ ಕಾಫಿ ಬೆಳೆಗಾರರದು. ಗುಂಡ್ಲುಪೇಟೆಯ ಕಡೆಯ ಚಾಲಕ. ಬೆಳಿಗ್ಗೆ ನೆರೆಕರೆಯ ಎಂಟೊಂಬತ್ತು ಮಕ್ಕಳನ್ನು ಶಾಲೆಗೆ ಮುಟ್ಟಿಸುವುದೂ ಅವನ ಕೆಲಸವಾಗಿತ್ತು. ಜುಲೈ ತಿಂಗಳ ಒಂದು ಮಧ್ಯಾಹ್ನ ಬಂದು, “ಅಣ್ಣಾ, ಸೌಂಡು ಜಾಸ್ತಿ ಆಗದೆ, ಒಸಿ ನೋಡಿ” ಎಂದ. ಅಡಿಗೆ ಇಣುಕುವ ಮುನ್ನ ಮಾತಿಗೆ ಮಾತು ಬೆಳೆಯಿತು. ಮಕ್ಕಳ ಗಲಾಟೆ ಹೇಗಿದೆಯೆಂದು ಕೇಳಿದೆ.

“ಗಲಾಟೆ ಎಲ್ಲಿ ಬಂತಣ್ಣ, ಮಳೆ ದಿನ ಎಲ್ಲಾ ತಲೆ ಹಿಡ್ಕಂಡು ಕೂತಿರ್ತವೆ. ವಾಂತಿ ಬೇರೆ. ತಿರುವು ಜಾಸ್ತಿ ಅಲ್ವಾ?”

“ಬಿಸಿಲಿರುವ ದಿನವೂ ಹೀಗೆಯೇ ಆಗುತ್ತದೆಯೇ?”

“ಇಲ್ಲಣ್ಣ. ಬಿಸಿಲ ದಿನ ಚೆನ್ನಾಗೇ ಇರ್ತವೆ.”

“ನಿನಗೆ?”

ಅವನು ಸ್ವಲ್ಪ ಯೋಚಿಸಿ, ತನಗೂ ಮಳೆಯ ದಿನ ತಲೆ ಭಾರವಾಗುತ್ತದೆಂದೂ ಶೀತವಿರಬೇಕೆಂದೂ ಹೇಳಿದ. ಹಿಂದಿನ ದಿನವಷ್ಟೇ ಒಂದು ಪುಟ್ಟ ಹುಡುಗಿ ಶಾಲೆಯ ಗೇಟಿನಲ್ಲಿ ಎಷ್ಟು ಕರೆದರೂ ಏಳದೆ, ಎತ್ತಿಕೊಂಡು ಹೋಗಿ ಜಗಲಿಯಲ್ಲಿ ಮಲಗಿಸಬೇಕಾಯಿತಂತೆ. ಮಧ್ಯಾಹ್ನದ ಹೊತ್ತಿಗೆ ಸರಿಹೋದಳಂತೆ.

ತಿರುವುಗಳು ಬಿಸಿಲಿನಲ್ಲಿಯೂ ಇರುತ್ತವೆ, ಮಳೆಯಲ್ಲಿಯೂ ಇರುತ್ತವೆ. ಮಳೆಯ ದಿನ ಬದಲಾಗುವುದು ಒಂದೇ: ಜೀಪಿನ ಎರಡೂ ಬದಿಯ ರೆಕ್ಸಿನ್ ಪರದೆಗಳನ್ನು ಇಳಿಬಿಟ್ಟು ಗುಂಡಿ ಹಾಕುತ್ತಾರೆ. ನಾನು ಕೂಡಲೇ ಗಾಡಿಯಡಿಗೆ ನುಗ್ಗಿದೆ. ಯಾವುದೋ ಕಡೆಯಲ್ಲಿ ಯಾರೋ ಕೊಳವೆಯನ್ನು ಬಾಗಿಸುವ ಶ್ರಮ ಬೇಡವೆಂದು ಎರಡಡಿ ಉದ್ದದ ಸುರುಳಿ ಜಾತಿಯ ಫ್ಲೆಕ್ಸಿಬಲನ್ನು ಗೇರುಪೆಟ್ಟಿಗೆಯ ಪಕ್ಕದಲ್ಲಿ ಹಾವಿನಂತೆ ತಿರುಗಿಸಿ ಕಟ್ಟಿದ್ದರು. ಹ್ಯಾಂಗರು ಇಲ್ಲ. ತನ್ನ ಭಾರಕ್ಕೆ ತಾನೇ ಜೋತು, ಬಾಗಿದ ಕಡೆಯಲ್ಲಿ ಸುರುಳಿಯ ಅಂಚುಗಳೆಲ್ಲ ಬಿರಿದು ನಿಂತಿದ್ದವು. ಅದರ ಮೇಲಿನ ತಗಡಿನ ನೆಲವೆಲ್ಲ ಕಾಡಿಗೆ ಬಳಿದಂತೆ ಕಪ್ಪಾಗಿತ್ತು. ಗೇರಿನ ಕೋಲು ಹಾದುಬರುವ ತೂತಿನ ರಬ್ಬರು ಹರಿದು ಅಂಗೈಯಗಲದ ಕಿಂಡಿಯಾಗಿತ್ತು. ಕಿಂಡಿಯ ಅಂಚಿನಲ್ಲಿಯೂ ಅದೇ ಕಪ್ಪು.

ಪೆಟ್ರೋಲ್ ಎಂಜಿನಿನ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಾಲಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವ ಗುಣ ಅದಕ್ಕಿದೆ. ಮೊದಲು ತಲೆನೋವು, ಬಳಿಕ ವಾಕರಿಕೆ, ಬಳಿಕ ತೂಕಡಿಕೆ, ಆಮೇಲೆ ಎಚ್ಚರವಿಲ್ಲದ ಸಾವು. ಶುದ್ಧ ಗಾಳಿಗೆ ಬಂದರೂ ಅದು ರಕ್ತವನ್ನು ಬಿಟ್ಟುಹೋಗಲು ಗಂಟೆಗಟ್ಟಲೆ ಬೇಕು. ಹುಡುಗಿ ಚೇತರಿಸಿಕೊಳ್ಳಲು ಮಧ್ಯಾಹ್ನವಾದದ್ದು ಅದರಿಂದಲೇ. ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಬೇಕು. ಓಡುವ ಗಾಡಿಯ ಹಿಂಬದಿಯಲ್ಲಿ ಗಾಳಿಯ ಒತ್ತಡ ಕಡಿಮೆಯಿರುತ್ತದೆ. ಬದಿಯ ಪರದೆಗಳನ್ನು ಮುಚ್ಚಿ ಹಿಂದಿನದನ್ನು ಮಾತ್ರ ತೆರೆದಿಟ್ಟರೆ ಕೊಳವೆಯ ತುದಿಯಿಂದ ಹೊರಬಿದ್ದ ಹೊಗೆಯೂ ಹಿಂತಿರುಗಿ ಒಳಗೆ ಬರುತ್ತದೆ. ಆ ಜೀಪಿನಲ್ಲಿ ಕೊಳವೆಯ ತುದಿಯೂ ದೇಹದ ಅಂಚಿಗಿಂತ ಒಳಗೇ ಮುಗಿದಿತ್ತು.

ಆ ದಿನ ಜೀಪನ್ನು ಹಿಂದಕ್ಕೆ ಕೊಡಲಿಲ್ಲ. ಬೆಳೆಗಾರರಿಗೆ ಫೋನು ಮಾಡಿ ವಿಷಯ ತಿಳಿಸಿದೆವು. ಅವರು ಮರುಮಾತಾಡದೆ ಮಕ್ಕಳನ್ನು ಬೇರೆ ಗಾಡಿಯಲ್ಲಿ ತರಿಸುವ ವ್ಯವಸ್ಥೆ ಮಾಡಿದರು. ಹುಡುಗಿಯನ್ನು ಆಸ್ಪತ್ರೆಗೆ ತೋರಿಸಿದರು, ಏನೂ ತೊಂದರೆಯಾಗಿರಲಿಲ್ಲ. ಆಶಾನ್ ಮತ್ತು ನಾನು ಎರಡು ದಿನ ಕೂತು ಮರಳು ತುಂಬಿ ಮೂರು ಬಾಗುಗಳನ್ನು ಕಾಯಿಸಿ ಕಟ್ಟಿದೆವು. ಗೇರುಪೆಟ್ಟಿಗೆಯ ಪಕ್ಕದ ತಿರುವೆಲ್ಲ ಗಟ್ಟಿ ಕೊಳವೆ; ಎಂಜಿನಿನಿಂದ ಇಳಿದುಬರುವ ಕೊಳವೆಯ ಬಳಿಕ, ನೇರ ಭಾಗದಲ್ಲಿ, ಕೋಳಿಕ್ಕೋಡಿನಿಂದ ತರಿಸಿದ ಆರಂಗುಲದ ತಿದಿ ಜಾತಿಯ ಫ್ಲೆಕ್ಸಿಬಲ್ ಒಂದೇ ಒಂದು. ಹಿಂದೆಯೇ ಹ್ಯಾಂಗರು. ನೆಲದ ಕಿಂಡಿಗೆ ಹೊಸ ರಬ್ಬರು. ತುದಿಯನ್ನು ಬಲಬದಿಯ ಹಿಂಭಾಗದಲ್ಲಿ ದೇಹದಿಂದ ಹೊರಕ್ಕೆ ಚಾಚಿದೆವು. ಮೋಟಾರು ವಾಹನಗಳ 1989ರ ಕೇಂದ್ರ ನಿಯಮಾವಳಿಯೂ ಅದನ್ನೇ ಹೇಳುತ್ತದೆ: ಹೊಗೆ ಕೆಳಕ್ಕೂ ಎಡಬದಿಗೂ ಬಿಡುವಂತಿಲ್ಲ, ಹಿಂದಕ್ಕೆ ಅಥವಾ ಬಲಕ್ಕೆ ಬಿಡಬೇಕು; ಕೊಳವೆ ಇಂಧನದ ನಳಿಗೆಯಿಂದ 35 ಮಿಲಿಮೀಟರಿಗಿಂತ ಹತ್ತಿರ ಇರಬಾರದು. ಎಡಬದಿಯಲ್ಲಿ ಇಳಿಯುವವರು, ಹತ್ತುವವರು, ರಸ್ತೆಯಂಚಿನಲ್ಲಿ ನಡೆಯುವವರು ಇರುತ್ತಾರಲ್ಲವೇ?

ಮರುವಾರ ಜೋರು ಮಳೆಯ ದಿನವೊಂದರಲ್ಲಿ ಚಾಲಕ ಬಂದು, ಮಕ್ಕಳ ಗಲಾಟೆಯಲ್ಲಿ ಕಿವಿ ಕೇಳದಂತಾಗಿದೆಯೆಂದು ದೂರು ಹೇಳಿದ. ಆಶಾನ್ ಗಟ್ಟಿಯಾಗಿ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಈಗ ಕಾಲ ಬದಲಾಗಿದೆ. ಎಂಜಿನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನು ಓಡಿಸುವ ಕಾರುಗಳೇ ಹೆಚ್ಚು. ಅವುಗಳಲ್ಲಿ ಎಂಜಿನು ಹಿಂದಕ್ಕೂ ಮುಂದಕ್ಕೂ ವಾಲುವುದರಿಂದ ಕಾರ್ಖಾನೆಯವರೇ ಫ್ಲೆಕ್ಸಿಬಲನ್ನೋ ಸ್ಪ್ರಿಂಗ್ ಬೋಲ್ಟಿನ ಗುಂಡುಕೀಲನ್ನೋ ಇಟ್ಟು ಕಳುಹಿಸುತ್ತಾರೆ. ಕೊಳವೆಯ ಮುಂಭಾಗದಲ್ಲಿ ಆಮ್ಲಜನಕವನ್ನು ಅಳೆಯುವ ಸೆನ್ಸರು ಇರುತ್ತದೆ. ಅದಕ್ಕಿಂತ ಮುಂಚೆ ಕೊಳವೆ ಸೋರಿದರೆ ಹೊರಗಿನ ಗಾಳಿ ಒಳಸೇರಿ ಸೆನ್ಸರಿಗೆ ತಪ್ಪು ಲೆಕ್ಕ ಸಿಗುತ್ತದೆ, ಎಂಜಿನು ವೃಥಾ ಇಂಧನ ಕುಡಿಯುತ್ತದೆ. ಎಸ್ಟೇಟಿನ ಕಲ್ಲುರಸ್ತೆಗೆ ಹೊಟ್ಟೆ ತಾಗಿಸಿಕೊಂಡ ಕಾರುಗಳಲ್ಲಿ ಮೊದಲು ಜಜ್ಜಿಹೋಗುವುದೂ ಈ ಭಾಗವೇ. ಜಾಲರಿಯೊಳಗೆ ಕೆಸರು ಸೇರಿ ಒಣಗಿದರೆ ಅದರ ಬಾಗುವ ಗುಣವೂ ಕುಂದುತ್ತದೆ. ಈಗ ಬಾಗಿಸುವ ಯಂತ್ರ ಬಂದಿದೆ, ಮರಳು ತುಂಬುವ ಕಾಲ ಹೋಯಿತು. ಆದರೂ ‘ಎರಡಡಿ ಫ್ಲೆಕ್ಸಿಬಲ್ ಹಾಕಿ ಮುಗಿಸಿಬಿಡಿ ಚೇಟ್ಟಾ’ ಎನ್ನುವವರು ಕಡಿಮೆಯಾಗಿಲ್ಲ. ಸೈಲೆನ್ಸರನ್ನೇ ತೆಗೆದು ಗುಡುಗಿಸಬೇಕೆಂದು ಬರುವ ತರುಣರದು ಬೇರೆ ಕಾಟ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ತೀರ್ಪಿತ್ತಿತು. ಆ ಪತ್ರಿಕೆಯ ತುಣುಕನ್ನು ಗೋಡೆಗೆ ಅಂಟಿಸಿಟ್ಟಿದ್ದೇನೆ. ವಾದ ಮಾಡುವ ಶ್ರಮ ಉಳಿಯುತ್ತದೆ.

ಊರಿನಲ್ಲಿ ಸ್ವಂತ ಗಾಡಿಯಿರುವ ಹಳೆಯ ವಿದ್ಯಾರ್ಥಿಗಳು ಮನೆಯಂಗಳದಲ್ಲಿಯೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಬೆಳಿಗ್ಗೆ ಎಂಜಿನು ತಣ್ಣಗಿರುವಾಗ, ಬಯಲಿನಲ್ಲಿ ನಿಲ್ಲಿಸಿ, ಸ್ಟಾರ್ಟು ಮಾಡಿಸಿ, ದಪ್ಪ ಬಟ್ಟೆಯಿಂದ ಕೊಳವೆಯ ತುದಿಯನ್ನು ಎರಡು ಮೂರು ಸೆಕೆಂಡು ಅರ್ಧ ಒತ್ತಿಹಿಡಿಯಿರಿ. ಕೊಳವೆ ಬಿಗಿಯಾಗಿದ್ದರೆ ಒತ್ತಡ ಬಟ್ಟೆಯನ್ನು ತಳ್ಳುತ್ತದೆ. ನಡುವೆ ಎಲ್ಲಿಂದಾದರೂ ‘ಚುಸ್ ಚುಸ್’ ಎಂದು ಕೇಳಿಸಿದರೆ ಅಲ್ಲಿ ಸೋರಿಕೆಯಿದೆ. ಮುಚ್ಚಿದ ಶೆಡ್ಡಿನೊಳಗೆ ಮಾತ್ರ ಇದನ್ನು ಮಾಡಬೇಡಿ.

ಕೇರಳದಲ್ಲಿ ಶಾಲೆಗಳೂ ಮಳೆಗಾಲವೂ ಹೆಚ್ಚುಕಡಿಮೆ ಒಟ್ಟಿಗೇ ಆರಂಭವಾಗುತ್ತವೆ. ಮೇ ತಿಂಗಳ ಕೊನೆಯ ವಾರದಲ್ಲಿ ನಮ್ಮ ಅಂಗಡಿಯ ಮುಂದೆ ಮಕ್ಕಳನ್ನು ಸಾಗಿಸುವ ಜೀಪುಗಳು ಸಾಲಾಗಿ ನಿಲ್ಲುತ್ತವೆ. ಹುಡುಗರು ಸೈಲೆನ್ಸರಿನತ್ತ ಕೈಯಿಡುವುದಕ್ಕೆ ಮುಂಚೆ ನಾನು ಟಾರ್ಚು ಹಿಡಿದು ಒಳಗೆ ಹತ್ತಿ, ಗೇರಿನ ಕೋಲಿನ ಬುಡದ ರಬ್ಬರನ್ನು ಎತ್ತಿ, ಅಂಚಿನಲ್ಲಿ ಕಪ್ಪಿದೆಯೇ ಎಂದು ನೋಡುತ್ತೇನೆ.